ಹಮಾಲನಿಗೊಂದು ಪಿಂಚಣಿ ಖಾತೆ

ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಪೆಂಟಿ ಹೊರುವ ಹಮಾಲನಿಗೆ ಇಂದು ಒಂದು ದಲಾಲಿ ಅಂಗಡಿ, ನಾಳೆ ಇನ್ನೊಂದು. ಪವರ್‌ಲೂಮ್ ಶೆಡ್ಡಿನ ನೇಕಾರನಿಗೆ ನೇಯ್ದಷ್ಟಕ್ಕೆ ಮಜೂರಿ. ಕಂಡಿಕೆ ಸುತ್ತುವ ಹೆಂಡತಿಯ ಹೆಸರಂತೂ ಯಾವ ಲೆಕ್ಕದ ಪುಸ್ತಕದಲ್ಲೂ ಇರುವುದಿಲ್ಲ. ಹತ್ತಿರದ ಸಮೀರವಾಡಿ ಸಕ್ಕರೆ ಕಾರ್ಖಾನೆಯ ಕಾಯಂ ನೌಕರನಿಗೆ ಪಿ.ಎಫ್. ಉಂಟು, ಇವರಿಗಿಲ್ಲ.

ಕಾರಣ 1952ರ ಭವಿಷ್ಯ ನಿಧಿ ಕಾಯ್ದೆಯಲ್ಲೇ ಇದೆ. ಅದು ಮೊದಲು ಅನ್ವಯವಾದ ಆರು ಉದ್ಯಮಗಳಲ್ಲಿ ಜವಳಿಯೂ ಒಂದು ಎಂಬುದೇ ತಮಾಷೆ. ಆದರೆ ಕಾರ್ಖಾನೆಯಲ್ಲಿ 50 ಜನ ಇರಬೇಕಿತ್ತು. 1960ರಲ್ಲಿ ಅದು 20ಕ್ಕೆ ಇಳಿಯಿತು. ನಾಲ್ಕು ಮಗ್ಗದ ಶೆಡ್ಡು ಆ ಗೆರೆ ಮುಟ್ಟುವುದೆಲ್ಲಿಂದ? 1968ರಲ್ಲಿ ಯಾರು ಬೇಕಾದರೂ ತೆರೆಯಬಹುದಾದ 15 ವರ್ಷದ ಸಾರ್ವಜನಿಕ ಭವಿಷ್ಯ ನಿಧಿ (ಪಿ.ಪಿ.ಎಫ್.) ಬಂತು. ಅದು ಒಗ್ಗಿದ್ದು ತೆರಿಗೆ ಉಳಿಸುವವರಿಗೆ. ಮುಂಗಡದ ಬಾಕಿಯಲ್ಲೇ ವರ್ಷ ಕಳೆಯುವವರು ಭಿಶಿಯನ್ನೇ (ಚೀಟಿ) ನಂಬಿದರು.

ಅಮೆರಿಕದಲ್ಲೂ ಇಂಥದೇ ತೊಡಕಿತ್ತು. ಕಂಪನಿಯಿಂದ ಪಿಂಚಣಿ ಸಿಗದವರಿಗಾಗಿ 1974ರ ಕಾನೂನು ‘ವೈಯಕ್ತಿಕ ನಿವೃತ್ತಿ ಖಾತೆ’ ತಂದಿತು. ವರ್ಷಕ್ಕೆ 1500 ಡಾಲರ್ ಮಿತಿ. ಅದೇ ಹೆಸರು 2000ದಲ್ಲಿ ದಿಲ್ಲಿಯ ಕಡತಕ್ಕೂ ಬಂತು. ಸೆಬಿಯ ಮಾಜಿ ಅಧ್ಯಕ್ಷ ಎಸ್.ಎ. ದವೆ ಅವರ ‘ಒಯಾಸಿಸ್’ ವರದಿ ಹೇಳಿದ್ದಿಷ್ಟು: ಕೆಲಸ, ಊರು ಬದಲಾದರೂ ಜೊತೆಗೇ ಬರುವ ಖಾತೆ, ಅಂಚೆ ಕಚೇರಿ, ಬ್ಯಾಂಕುಗಳಲ್ಲಿ ಸಣ್ಣ ಮೊತ್ತ ಕಟ್ಟುವ ಅವಕಾಶ. ವರದಿಯ ಕಣ್ಣಿದ್ದದ್ದು ಮುಪ್ಪಿಗೆ ಏನೂ ಇಲ್ಲದ ಅಸಂಘಟಿತ ದುಡಿಮೆಗಾರರ ಮೇಲೆ.

ಹಮಾಲನ ಅಳತೆಗೆ ಹೊಲಿದ ಆ ಅಂಗಿಯನ್ನು ಮೊದಲು ತೊಡಿಸಿದ್ದು ಗುಮಾಸ್ತನಿಗೆ. 2004ರ ಜನವರಿ 1ರಿಂದ ಕೇಂದ್ರದ ಹೊಸ ನೌಕರರು (ಸೇನೆ ಬಿಟ್ಟು), 2006ರ ಏಪ್ರಿಲ್ 1ರಿಂದ ಕರ್ನಾಟಕದ ಹೊಸ ನೌಕರರು ಇಂಥದೇ ಖಾತೆಯ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ (ಎನ್.ಪಿ.ಎಸ್.) ಬಂದರು. ಅವರೇನೂ ಕೇಳಿರಲಿಲ್ಲ, ಹಳೇ ಪಿಂಚಣಿಯೇ ಬೇಕೆಂದು ಬೀದಿಗಿಳಿದರು. ಉಳಿದವರಿಗೆ ಬಾಗಿಲು ತೆರೆದದ್ದು 2009ರ ಮೇ 1ಕ್ಕೆ.

ಅಸಂಘಟಿತರಿಗೆಂದೇ 2010ರಲ್ಲಿ ಸ್ವಾವಲಂಬನ್ ಯೋಜನೆ ಬಂತು, ಅದರ ಜಾಗಕ್ಕೆ 2015ರಲ್ಲಿ ಅಟಲ್ ಪಿಂಚಣಿ ಯೋಜನೆ. 18ರಿಂದ 40 ವಯಸ್ಸಿನವರು ಸೇರಬಹುದು. ಆದಾಯ ತೆರಿಗೆ ಕಟ್ಟುವವರಿಗೆ 2022ರ ಅಕ್ಟೋಬರ್‌ನಿಂದ ಪ್ರವೇಶವಿಲ್ಲ. ಕಂತು ಉಳಿತಾಯ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. 30ರ ನೇಕಾರ ತಿಂಗಳಿಗೆ 116 ರೂಪಾಯಿ ಕಟ್ಟಿದರೆ 60 ತುಂಬಿದ ಮೇಲೆ ತಿಂಗಳಿಗೆ 1000, 577 ಕಟ್ಟಿದರೆ 5000. 18ಕ್ಕೇ ಸೇರಿದ್ದರೆ 42 ಅಥವಾ 210 ಸಾಕು. ಅವನ ನಂತರ ಹೆಂಡತಿಗೆ ಅಷ್ಟೇ ಪಿಂಚಣಿ. ಇಬ್ಬರ ಕಾಲಾನಂತರ ನಾಮಿನಿಗೆ, 1000ದ ಮಟ್ಟದಲ್ಲಾದರೆ, 1.7 ಲಕ್ಷ.

ಸೇರಿದವರಲ್ಲಿ ಬಹುಪಾಲು ಜನ ಆರಿಸಿಕೊಂಡದ್ದು ಆ 1000ವನ್ನೇ. ನನ್ನ ತಕರಾರು ಇರುವುದು ಇಲ್ಲೇ: ಬೆಲೆ ಏರಿದರೂ ಪಿಂಚಣಿ ಏರುವುದಿಲ್ಲ. ಮೂವತ್ತು ವರ್ಷದ ಮೇಲೆ ಸಾವಿರ ರೂಪಾಯಿಗೆ ಎಷ್ಟು ಜೋಳ ಬಂದೀತು? 40 ದಾಟಿದವರಿಗೆ ಎನ್.ಪಿ.ಎಸ್. ಇದೆ, ಆದರೆ ಅಲ್ಲಿ ಇಂತಿಷ್ಟು ಎಂಬ ಖಾತರಿಯೇ ಇಲ್ಲ.

ಅಟಲ್ ಕಂತನ್ನು ಮೂರು ಅಥವಾ ಆರು ತಿಂಗಳಿಗೊಮ್ಮೆಯೂ ಕಟ್ಟಬಹುದು. ಗಾಣ ನಡೆಯುವ ತಿಂಗಳುಗಳಲ್ಲಷ್ಟೇ ಕೈತುಂಬ ಕೆಲಸವಿರುವ ಹಮಾಲ ಬ್ಯಾಂಕಿನಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ.