ಮುದ್ದೇಬಿಹಾಳದಲ್ಲೊಂದು ಕಡಲ ದಂಡೆ

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ಸೀಮೆಯಲ್ಲಿ ಒಂದು ಕಡಲ ದಂಡೆ ಇದೆ! ದಂಡೆಯ ಗುಂಡುಗಲ್ಲುಗಳಿವೆ, ಉಸುಕಿದೆ, ಆ ಉಸುಕಿನ ಮೇಲೆ ನೀರಾಡಿದ ಗೆರೆಗಳಿವೆ, ಆಳದ ತಳದಲ್ಲಿ ಕೂತ ಕೆಸರೂ ಇದೆ. ಎಲ್ಲವೂ ಕಲ್ಲಾಗಿವೆ, ಅಷ್ಟೆ. ನೀರು ಹಿಂದೆ ಸರಿದು 50 ಕೋಟಿ ವರ್ಷಗಳಿಗೂ ಮೇಲಾಯಿತು. ಜೋಳ, ಕಡಲೆ, ತೊಗರಿಯ ನಾಡಿನಲ್ಲಿ, ಬೇಸಿಗೆಯಲ್ಲಿ ಕೊಡ ನೀರಿಗೆ ದಾರಿ ಕಾಯುವ ನಾಡಿನಲ್ಲಿ, ಕಣ್ಣು ಹರಿದಷ್ಟೂ ಸಮುದ್ರವಿತ್ತು ಎಂಬುದು ತಿಳಿದ ಕ್ಷಣದಿಂದ ನನಗೆ ಈ ಸೀಮೆಯ ನೆಲವನ್ನು ಮೊದಲಿನಂತೆ ನೋಡಲು ಆಗಿಲ್ಲ.

ಕಡಲನ್ನು ಕಾಣಲು ನಾವು ಘಟ್ಟ ಇಳಿಯುತ್ತೇವೆ. ಕಾರವಾರ, ಗೋಕರ್ಣ, ಮಲ್ಪೆ ಎಂದು ಬಸ್ಸು ಹತ್ತುತ್ತೇವೆ. ಕಡಲ ಚರಿತ್ರೆ ತೋರಿಸುವ ಸಂಗ್ರಹಾಲಯಕ್ಕೆ ಹೋದರೆ ಗಾಜಿನ ಆಚೆ ಒಂದು ಕಲ್ಲು, ಪಕ್ಕದಲ್ಲಿ ‘ಮುಟ್ಟಬೇಡಿ’ ಎಂಬ ಫಲಕ. ಇದೇ ಜಿಲ್ಲೆಯ ಇಂಡಿಯಿಂದ ಮುದ್ದೇಬಿಹಾಳದವರೆಗಿನ ನೆಲವೆಂಬ ಈ ಸಂಗ್ರಹಾಲಯಕ್ಕೆ ಗೋಡೆಯಿಲ್ಲ, ಟಿಕೆಟ್ ಇಲ್ಲ. ಇಲ್ಲಿ ಮುಟ್ಟದೆ ಏನೂ ತಿಳಿಯುವುದಿಲ್ಲ! ಕೈಯಲ್ಲಿ ನಾಲ್ಕು ವಸ್ತುಗಳಿದ್ದರೆ ಸಾಕು: ಒಂದು ಅಯಸ್ಕಾಂತ, ಒಂದು ಕಬ್ಬಿಣದ ಮೊಳೆ, ಒಂದು ಭೂತಗನ್ನಡಿ, ಮತ್ತು ಒಂದು ಇಂಡಿ ನಿಂಬೆಹಣ್ಣು. ಹೌದು, ಭೌಗೋಳಿಕ ಸೂಚಕದ ಮನ್ನಣೆ ಪಡೆದ ಅದೇ ರಸಭರಿತ ನಿಂಬೆ. ಅದರ ಕೆಲಸ ಕೊನೆಗೆ ಬರುತ್ತದೆ.

ಮೊದಲು ಇಂಡಿ. ಅಯಸ್ಕಾಂತವನ್ನು ಒಂದು ಕಾಗದದಲ್ಲಿ ಸುತ್ತಿ ಒಣಗಿದ ಎರೆ ಹೊಲದ ಪುಡಿಮಣ್ಣಿನಲ್ಲಿ ನಿಧಾನವಾಗಿ ಎಳೆಯಿರಿ. ಎತ್ತಿ ನೋಡಿದರೆ ಕಾಗದಕ್ಕೆ ಕಪ್ಪು ಹರಳು ಹರಳಾಗಿ ಏನೋ ಅಂಟಿಕೊಂಡಿರುತ್ತದೆ. ಅದು ಮ್ಯಾಗ್ನೆಟೈಟ್, ಕಬ್ಬಿಣದ ಆಕ್ಸೈಡ್. ಬಂದದ್ದು ಲಾವಾದಿಂದ! ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರುಗಳ ಕಾಲ ಮುಗಿಯುತ್ತಿದ್ದಾಗ, ನೆಲ ಬಿರಿದು ಉಕ್ಕಿದ ಲಾವಾ ದಖ್ಖನ್ನಿನ ಮೇಲೆ ಪದರ ಪದರವಾಗಿ ಹರಡಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಭೂಮಿಯನ್ನು ಅದು ಮುಚ್ಚಿಕೊಂಡಿದೆ. ಲಾವಾ ಆರಿ ಆದ ಆ ಕರಿಕಲ್ಲು ಮಳೆಬಿಸಿಲಿಗೆ ಕರಗಿ ಕರಗಿ ಆದದ್ದೇ ನಮ್ಮ ಎರೆಮಣ್ಣು. ಬಿಳಿಜೋಳದ ರೊಟ್ಟಿ ಮುರಿಯುವಾಗ ನಾವು ತಿನ್ನುತ್ತಿರುವುದು ಆ ಬೆಂಕಿಯ ಫಲವನ್ನೇ.

ಕಲಿಕೆಯ ಹಸಿವು ಈ ನೆಲಕ್ಕೆ ಹೊಸದೇನಲ್ಲ. ಇದೇ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಕಂಬಶಾಸನವೊಂದು ದೊರೆತಿದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಇಲ್ಲಿ ವಿದ್ಯಾಶಾಲೆ ಕಟ್ಟಿಸಿದ್ದನ್ನು, ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬಂದು ಓದುತ್ತಿದ್ದುದನ್ನು, ಅವರ ವಸತಿಗೆ, ದೀಪದ ಎಣ್ಣೆಗೆ, ಗುರುವಿನ ಜೀವನಕ್ಕೆ ಭೂಮಿ ಬಿಟ್ಟದ್ದನ್ನು ಅದು ಹೇಳುತ್ತದೆ. ಸಾವಿರ ವರ್ಷಗಳ ಹಿಂದೆಯೇ ಹೊರನಾಡಿನ ಮಕ್ಕಳು ಪಾಠ ಕೇಳಲು ಹುಡುಕಿಕೊಂಡು ಬಂದ ಊರಿದು!

ಮುಂದೆ ಸಿಂದಗಿ. ಭೀಮೆಯ ದಡದ ಗರಸಿನಲ್ಲಿ ಕುಕ್ಕರಗಾಲಲ್ಲಿ ಕೂತರೆ ಏಳಲು ಮನಸ್ಸೇ ಬಾರದು. ಭೀಮಾಶಂಕರದ ಸಹ್ಯಾದ್ರಿಯಲ್ಲಿ ಹುಟ್ಟಿ ಲಾವಾದ ನಾಡನ್ನೆಲ್ಲ ಕೊರೆಯುತ್ತ ಬರುವ ಈ ನದಿ ದಾರಿಯುದ್ದಕ್ಕೂ ಕಲ್ಲು ಆರಿಸಿಕೊಂಡೇ ಬರುತ್ತದೆ. ಲಾವಾ ಆರುವಾಗ ಒಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳು ಪೊಳ್ಳಾಗಿ ಉಳಿದವು. ಆ ಪೊಳ್ಳಿಗೆ ಖನಿಜದ ನೀರು ಜಿನುಗಿ ಅಗೇಟ್, ಕ್ಯಾಲ್ಸೆಡನಿಯಂಥ ಹರಳುಗಳು ತುಂಬಿದವು. ತೊಯ್ದ ಹರಳೊಂದನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಬೇಕು: ಉಂಗುರದೊಳಗೆ ಉಂಗುರ, ಹಾಲುಬಿಳುಪು, ಜೇನುಬಣ್ಣ, ನಸುಗೆಂಪು! ಮೊಳೆಯಿಂದ ಗೀಚಿ ನೋಡಿ. ಗೆರೆ ಬೀಳುವುದಿಲ್ಲ, ಮೊಳೆಯೇ ಸವೆಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ.

ದಕ್ಷಿಣಕ್ಕೆ ಇಳಿದರೆ ಬಸವನ ಬಾಗೇವಾಡಿ, ಬಸವಣ್ಣನವರ ಹುಟ್ಟೂರು. ಅಲ್ಲಿಂದ ನಿಡಗುಂದಿ ದಾಟಿ ಆಲಮಟ್ಟಿಯ ಕಡೆ ಸಾಗುವಾಗ ಕಿಟಕಿಯಿಂದ ಹೊರಗೆ ನೋಡುತ್ತಲೇ ಇರಬೇಕು. ಕಪ್ಪು ನೆಲ ತೆಳುವಾಗುತ್ತದೆ, ಮಸಾರಿ ಕಾಣಿಸುತ್ತದೆ, ಕೃಷ್ಣೆ ಹತ್ತಿರವಾದಂತೆ ಗುಡ್ಡಗಳ ಬಣ್ಣವೂ ಆಕಾರವೂ ಬದಲಾಗುತ್ತವೆ. ಲಾವಾದ ಹೊದಿಕೆ ಇಲ್ಲಿ ಮುಗಿಯುತ್ತಿದೆ, ಅದರ ಅಡಿಯಲ್ಲಿ ಅಡಗಿದ್ದ ಹಳೆಯ ಲೋಕ ಇಣುಕುತ್ತಿದೆ! 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಎದುರಿಗೆ ಹರಡುತ್ತದೆ. ತುಂಬಿದಾಗ ಅದರ ಮಟ್ಟ ಇಂದಿನ ಕಡಲಿಗಿಂತ 519.60 ಮೀಟರ್ ಎತ್ತರ. ಗಾಳಿ ಬೀಸಿದರೆ ಇಲ್ಲೂ ಅಲೆಯೇಳುತ್ತದೆ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ರಾಜಹಂಸಗಳೂ ಕಾಣಸಿಗುತ್ತವೆ.

ಇಲ್ಲಿ ಮಾಡಲೇಬೇಕಾದ ಒಂದು ಕೆಲಸವಿದೆ. ನೀರು ಹಿಂದೆ ಸರಿದ ಕಡೆ ಬಗ್ಗಿ ನೋಡಬೇಕು. ಉಸುಕುಮಿಶ್ರಿತ ಮೆಕ್ಕಲಿನ ಮೇಲೆ ಸಣ್ಣ ಸಣ್ಣ ಏಣುಗಳು ಸಾಲುಗಟ್ಟಿ ನಿಂತಿರುತ್ತವೆ. ಆಳವಿಲ್ಲದ ನೀರಿನಲ್ಲಿ ಅಲೆ ಹಿಂದೆ ಮುಂದೆ ಆಡಿದಾಗ ಉಸುಕು ಹೀಗೆ ಕೂರುತ್ತದೆ. ಇನ್ನೂ ಮೇಲೆ ಒಣಗಿದ ಕೆಸರು ಬಾಯಿಬಿಟ್ಟು ಬಿಲ್ಲೆ ಬಿಲ್ಲೆಯಾಗಿರುತ್ತದೆ. ಈ ಎರಡನ್ನೂ ಬೆರಳಿನಿಂದ ಮುಟ್ಟಿ ಗುರುತು ಮಾಡಿಕೊಳ್ಳಿ. ಆ ಏಣುಗಳ ಬೇರೊಂದು ಪ್ರತಿ ಮುಂದಿನ ಊರುಗಳಲ್ಲಿ ಕಾದಿದೆ.

ಈಗ ಮುದ್ದೇಬಿಹಾಳ. ಅದರಿಂದಲೇ ಬೇರ್ಪಟ್ಟು ಈಗ ತಾನೇ ಒಂದು ತಾಲೂಕಾಗಿರುವ ತಾಳಿಕೋಟಿ, ಡೋಣಿ ನದಿಯ ದಂಡೆಯ ಊರು. ಈ ಸೀಮೆಯ ಅಡಿಪಾಯ ಗ್ರಾನೈಟು, ನೈಸ್ ಶಿಲೆಗಳದು. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಆ ಬೋಳು ಬಂಡೆಗಳ ಮೇಲೆ ಒಂದು ಕಾಲಕ್ಕೆ ಕಡಲು ಏರಿಬಂತು. ಬಂದ ಕ್ರಮವನ್ನು ಕಲ್ಲುಗಳೇ ಕೆಳಗಿನಿಂದ ಮೇಲಕ್ಕೆ ಬರೆದಿಟ್ಟಿವೆ. ಎಲ್ಲಕ್ಕಿಂತ ಕೆಳಗೆ ಅಲೆ ಉರುಳಿಸಿ ನುಣುಪು ಮಾಡಿದ ಗುಂಡುಗಳು ಗಟ್ಟಿಯಾಗಿ ಆದ ಶಿಲೆ: ಅದು ದಂಡೆ. ಅದರ ಮೇಲೆ ಉಸುಕುಗಲ್ಲು: ಅದು ತೀರದ ಮರಳು. ಅದರ ಮೇಲೆ ಜೇಡಿಪದರು: ನೀರು ಆಳವಾಗಿ, ಶಾಂತವಾಗಿ, ನುಣ್ಣನೆಯ ಕೆಸರು ಕೂತ ಕಾಲ. ಅದರ ಮೇಲೆ ಸುಣ್ಣದ ಕಲ್ಲು: ಮಣ್ಣೂ ತಲುಪದಷ್ಟು ದೂರದ ತಿಳಿನೀರಿನ ತಳ. ದಂಡೆ ಮುಳುಗಿತು, ಉಸುಕು ಮುಳುಗಿತು, ಕಡಲು ಒಳನಾಡಿಗೆ ನಡೆದು ಬಂತು! ಗ್ರಾನೈಟಿನ ಮೇಲೆ ಈ ಪದರುಗಳು ನೇರವಾಗಿ ಕೂತ ಜಾಗದಲ್ಲಿ ಅಂಗೈ ಅಗಲಿಸಿ ಇಟ್ಟರೆ ಕಿರುಬೆರಳಿಗೂ ಹೆಬ್ಬೆರಳಿಗೂ ನಡುವೆ 100 ಕೋಟಿಗೂ ಹೆಚ್ಚು ವರ್ಷಗಳು ಕಾಣೆಯಾಗಿರುತ್ತವೆ. ಇಷ್ಟು ಕಾಲವನ್ನು ಒಂದೇ ಕೈಯಲ್ಲಿ ಹಿಡಿಯಬಹುದೆಂದು ಯಾವ ಶಾಲೆಯಲ್ಲೂ ನನಗೆ ಹೇಳಿರಲಿಲ್ಲ!

ಉಸುಕುಗಲ್ಲಿನ ಪದರುಗಳ ಮೇಲೆ ಕೈಯಾಡಿಸಿ. ಅವೇ ಏಣುಗಳು, ಅದೇ ಸಾಲು! ಆಲಮಟ್ಟಿಯ ಹಿನ್ನೀರಿನಲ್ಲಿ ಈ ವಾರ ಮೂಡಿದ ಗುರುತು ಇಲ್ಲಿ ಶಿಲೆಯಾಗಿ ನಿಂತಿದೆ. ಅಂದಿನ ಅಲೆ ಇಂದಿನ ಅಲೆಯ ಹಾಗೆಯೇ ಆಡಿತ್ತು. ಈ ಉಸುಕುಗಲ್ಲುಗಳಲ್ಲಿ ಕೆಲವೆಡೆ ಗ್ಲಾಕೊನೈಟ್ ಎಂಬ ಹಸಿರು ಖನಿಜವೂ ಇದೆ. ಅದು ಸಾಮಾನ್ಯವಾಗಿ ರೂಪುಗೊಳ್ಳುವುದು ಕಡಲ ತಳದಲ್ಲಿ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಇನ್ನು ನಿಂಬೆಹಣ್ಣು ತೆಗೆಯಿರಿ. ಕಡಕ್ ರೊಟ್ಟಿಗಳನ್ನು ಒಟ್ಟಿಟ್ಟಂತೆ ಪದರು ಪದರಾಗಿ ಏಳುವ ತಾಳಿಕೋಟಿಯ ಸುಣ್ಣದ ಕಲ್ಲಿನ ಒಂದು ಬಿದ್ದ ಚಕ್ಕೆಯನ್ನು ಆರಿಸಿಕೊಳ್ಳಿ. ಮೊಳೆಯಿಂದ ಗೀಚಿದರೆ ಬಿಳಿಪುಡಿ ಉದುರುತ್ತದೆ. ಭೀಮೆಯ ಅಗೇಟು ಬಗ್ಗಿರಲಿಲ್ಲ, ಇದು ಬಗ್ಗಿತು. ಆ ಪುಡಿಯ ಮೇಲೆ ನಾಲ್ಕು ಹನಿ ಹಿಂಡಿ, ಭೂತಗನ್ನಡಿ ಹಿಡಿಯಿರಿ. ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ! ನಿಂಬೆಯ ಆಮ್ಲಕ್ಕೆ ಸುಣ್ಣ ಕರಗಿ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತಿದೆ. ಆ ಇಂಗಾಲ ಹಿಂದೊಮ್ಮೆ ಆ ಪುರಾತನ ಕಡಲ ನೀರಿನಲ್ಲಿ ಕರಗಿತ್ತು, ಕಲ್ಲಿನಲ್ಲಿ ಸೆರೆಯಾಯಿತು, ಇಷ್ಟು ಕೋಟಿ ವರ್ಷ ಹಾಗೇ ಇತ್ತು. ಇಂಡಿಯ ಒಂದು ಹಣ್ಣು ಅದನ್ನು ಬಿಡಿಸಿ ಮತ್ತೆ ಗಾಳಿಗೆ ಸೇರಿಸಿತು! ಅದೇ ರಸವನ್ನು ಕರಿಕಲ್ಲಿನ ಮೇಲೆ ಹಿಂಡಿದರೆ ಅದು ಮಿಸುಕುವುದೂ ಇಲ್ಲ.

ಇದೇ ಚಕ್ಕೆಯಲ್ಲಿ ಶಂಖ, ಚಿಪ್ಪು ಹುಡುಕಿದರೆ ಸಿಗುವುದಿಲ್ಲ. ಸಿಗದಿರುವುದೇ ಇಲ್ಲಿನ ದೊಡ್ಡ ಸೋಜಿಗ. ಈ ಕಡಲು ಪ್ರೊಟೆರೊಜೋಯಿಕ್ ಕಾಲದ್ದು, ಅಂದರೆ 54 ಕೋಟಿ ವರ್ಷಗಳಿಗೂ ಹಿಂದಿನದು. ಆಗ ಚಿಪ್ಪಿನ ಪ್ರಾಣಿಗಳು ಕಡಲನ್ನು ತುಂಬಿರಲಿಲ್ಲ. ಮೀನು ಇರಲಿಲ್ಲ. ದಂಡೆಯ ಮೇಲೆ ಹುಲ್ಲಿಲ್ಲ, ಮರವಿಲ್ಲ, ಹಕ್ಕಿಯಿಲ್ಲ. ಭೂಮಿಯ ತಿರುಗುವಿಕೆ ಇಂದಿಗಿಂತ ಬಿರುಸಾಗಿತ್ತು. ಸುಮಾರು 62 ಕೋಟಿ ವರ್ಷಗಳ ಹಿಂದೆ ದಿನಕ್ಕೆ 22 ಗಂಟೆಯಷ್ಟೇ ಇತ್ತೆಂದು ಆಸ್ಟ್ರೇಲಿಯಾದ ಭರತ-ಇಳಿತದ ಶಿಲೆಗಳಿಂದ ಲೆಕ್ಕ ಹಾಕಿದ್ದಾರೆ. ಚಂದ್ರ ಈಗಿನದಕ್ಕಿಂತ ಹತ್ತಿರವಿದ್ದ. ಅಂಥ ಆಕಾಶದ ಕೆಳಗೆ, ಕೇಳಲು ಒಂದು ಕಿವಿಯೂ ಇಲ್ಲದ ಲೋಕದಲ್ಲಿ, ಅಲೆಗಳು ಬಂದು ಹೋಗುತ್ತಿದ್ದವು. ಜೀವ ಇರಲಿಲ್ಲವೆಂದಲ್ಲ, ಹೆಚ್ಚಿನದು ಬರಿಗಣ್ಣಿಗೆ ಕಾಣದಷ್ಟು ಕಿರಿದಾಗಿತ್ತು. ಈ ಶಿಲಾಸಮೂಹದ ಜೇಡಿಪದರುಗಳಲ್ಲಿ ಚುವಾರಿಯಾ ಎಂಬ ದುಂಡನೆಯ ಕರಿಮಚ್ಚೆಯ ಪಳೆಯುಳಿಕೆಯನ್ನೂ ವಿಜ್ಞಾನಿಗಳು ಗುರುತಿಸಿದ್ದಾರೆ. ಮುಂದೆ ಬಂದ ಚಿಪ್ಪಿನ ಪ್ರಾಣಿಗಳಿಗಿಂತ ಹಿರಿಯ ಕಾಲದ ಜೀವವದು.

ವಿಜ್ಞಾನಿಗಳು ಈ ಶಿಲೆಗಳನ್ನು ಭೀಮಾ ಸಮೂಹ ಎನ್ನುತ್ತಾರೆ. 1872ರಲ್ಲಿ ವಿಲಿಯಂ ಕಿಂಗ್ ಭೀಮಾ ನದಿಯ ಹೆಸರನ್ನೇ ಇದಕ್ಕಿಟ್ಟ. ಭಾರತದ ಪ್ರಾಗಿತಿಹಾಸದ ಪಿತಾಮಹನೆನಿಸಿದ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ಸುತ್ತಿ, ಕಲ್ಲುಗಳ ವಿವರವನ್ನು 1876ರ ತನ್ನ ಗ್ರಂಥದಲ್ಲಿ ದಾಖಲಿಸಿದ. ವಿಜಯಪುರ, ಯಾದಗಿರಿ, ಕಲಬುರಗಿಯಿಂದ ತೆಲಂಗಾಣದ ತಾಂಡೂರಿನವರೆಗೆ ಸುಮಾರು 5 ಸಾವಿರ ಚದರ ಕಿಲೋಮೀಟರಿನಲ್ಲಿ ಈ ಕಡಲ ತಳ ಇಂದು ಹೊರಗೆ ಕಾಣುತ್ತದೆ. ಉತ್ತರಕ್ಕೆ ಲಾವಾದ ಅಡಿಯಲ್ಲಿ ಅದು ಇನ್ನೂ ಚಾಚಿಕೊಂಡಿದೆ.

ಚರಿತ್ರೆಯೂ ಇದೇ ನೆಲದಲ್ಲಿ ಬೀಡುಬಿಟ್ಟಿತ್ತು. 1564ರ ಕೊನೆಯಲ್ಲಿ ದಖ್ಖನ್ನಿನ ಸುಲ್ತಾನರ ಸೇನೆಗಳು ಕೂಡಿದ್ದು ತಾಳಿಕೋಟಿಯಲ್ಲಿ. 1565ರ ಜನವರಿ 23ರಂದು ವಿಜಯನಗರದ ಹಣೆಬರಹ ಬದಲಿಸಿದ ಯುದ್ಧ ನಡೆದದ್ದು ರಕ್ಕಸಗಿ-ತಂಗಡಗಿಯ ಬಯಲಿನಲ್ಲಿ, ಕೃಷ್ಣೆಯ ಹತ್ತಿರ. ಸಾಮ್ರಾಜ್ಯಗಳು ಬಂದವು, ಹೋದವು. ಜನ ಮಾತ್ರ ಈ ಕಲ್ಲನ್ನು ಬಿಡಲಿಲ್ಲ. ಖಣಿಯಲ್ಲಿ ಹಾರೆ ಹಾಕಿ ಪದರು ಎಬ್ಬಿಸಿ ಪರಸಿ ಎಂಬ ಹಾಸುಗಲ್ಲು ತೆಗೆದರು, ಗೋಡೆಗೆ, ಮಾಳಿಗೆಗೆ, ಅಂಗಳಕ್ಕೆ ಹಾಸಿದರು. ನಾವು ಬೇಸಿಗೆಯ ಮಧ್ಯಾಹ್ನ ತಂಪಿಗೆಂದು ಬೆನ್ನು ಹಚ್ಚಿ ಮಲಗುವ ಪರಸಿಯ ನೆಲ ಆ ಕಡಲ ತಳವೇ! ಅದರಲ್ಲಿ ಅಂಕುಡೊಂಕಾಗಿ ಓಡುವ ಸಣ್ಣ ಕಪ್ಪುಗೆರೆಗಳನ್ನು ನೋಡಿರಬೇಕು. ಮೇಲಿನ ಪದರುಗಳ ಭಾರಕ್ಕೆ ಸುಣ್ಣ ಕರಗಿ ಹೋಗಿ, ಕರಗದ ಜೇಡಿ ಅಲ್ಲೇ ಉಳಿದ ಗುರುತವು. ಭೂವಿಜ್ಞಾನದಲ್ಲಿ ಅದಕ್ಕೆ ಸ್ಟೈಲೊಲೈಟ್ ಎನ್ನುತ್ತಾರೆ. ಮನೆಯೊಳಗೇ ಕೂತು ಓದಬಹುದಾದ ಪುಟ ಅದು.

ಈ ಎಲ್ಲ ತಾಲೂಕುಗಳ ಶಿಕ್ಷಕರಲ್ಲಿ ನನ್ನ ಬೇಡಿಕೆ ಇಷ್ಟೆ. ಶಾಲೆಯ ಒಂದು ಮೂಲೆಯಲ್ಲಿ ಒಂದು ಮೇಜು ಹಾಕಿ. ಅದರ ಮೇಲೆ ಇಂಡಿಯ ಎರೆಮಣ್ಣು, ಭೀಮೆಯ ಹರಳು, ಕೃಷ್ಣೆಯ ದಡದ ಗ್ರಾನೈಟು, ತಾಳಿಕೋಟಿಯ ಸುಣ್ಣದ ಕಲ್ಲು ಇಡಿ. ಪಕ್ಕದಲ್ಲಿ ಅಯಸ್ಕಾಂತ, ಮೊಳೆ, ಭೂತಗನ್ನಡಿ, ಒಂದು ನಿಂಬೆಹಣ್ಣು ಇಟ್ಟು ‘ಮುಟ್ಟಿ ನೋಡಿ’ ಎಂದು ಬರೆಯಿರಿ. ಬಂಡೆಯನ್ನು ಒಡೆಯುವುದು ಬೇಡ, ಬಿದ್ದ ಚಕ್ಕೆಯೇ ಸಾಕು. ಗುಡಿ, ಗೋರಿ, ಶಾಸನಗಳ ಮೇಲೆ ಮೊಳೆಯನ್ನಾಗಲಿ ರಸವನ್ನಾಗಲಿ ತಾಗಿಸಲೇಬೇಡಿ. ಖಣಿಗೆ ಹೋಗುವುದಾದರೆ ಮಾಲೀಕರನ್ನು ಕೇಳಿಯೇ ಹೋಗಿ, ನೀರು ತುಂಬಿದ ಹಳೆಯ ಖಣಿಗಳ ಅಂಚಿಗೆ ಮಕ್ಕಳನ್ನು ಬಿಡಬೇಡಿ. ಸಾಲೋಟಗಿಯಲ್ಲಿ ಓದುವ ಮಕ್ಕಳ ದೀಪಕ್ಕೆ ಭೂಮಿ ಬಿಟ್ಟುಕೊಟ್ಟ ಸೀಮೆ ಇದು. ಒಂದು ಮೇಜಿನಷ್ಟು ಜಾಗವನ್ನು ಅದು ಇಂದಿನ ಮಕ್ಕಳಿಗೆ ಖಂಡಿತ ಕೊಡಬಲ್ಲದು.