ದಿನ ತುಂಬದ ಮಗುವಿನ ಮಿದುಳು: ಮೊದಲ ಮೂರು ದಿನ ಜೋಪಾನ

‘ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ’ ಎಂಬ ಮಾತನ್ನು ಮನೆಯ ಹಿರಿಯರಿಂದ ನೀವೂ ಕೇಳಿರಬಹುದು. ಇದು ತಪ್ಪು. ತಾಯಿಯ ಗರ್ಭದಲ್ಲಿ ಹೆಚ್ಚಾಗಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. ಅದರಲ್ಲೂ ಮಿದುಳಿನ ವಿಷಯದಲ್ಲಿ, 32 ವಾರಕ್ಕೆ ಮೊದಲು ಹುಟ್ಟಿದ ಮಗುವಿಗೂ 34 ವಾರ ದಾಟಿ ಹುಟ್ಟಿದ ಮಗುವಿಗೂ ಬಹಳ ಅಂತರವಿದೆ.

ಏಕೆಂದು ನೋಡೋಣ. ಮಲಗಿದ್ದವರು ತಟ್ಟನೆ ಎದ್ದಾಗ, ಸಿಟ್ಟು ಬಂದಾಗ ನಿಮ್ಮ ರಕ್ತದೊತ್ತಡ ಏರಿಳಿಯುತ್ತದೆ. ಆದರೂ ಮಿದುಳಿಗೆ ಹರಿಯುವ ರಕ್ತದ ಪ್ರಮಾಣ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಒತ್ತಡ ಏರಿದರೆ ಮಿದುಳಿನ ಸಣ್ಣ ಅಪಧಮನಿಗಳು ತಾವಾಗಿಯೇ ಕುಗ್ಗುತ್ತವೆ, ಇಳಿದರೆ ಹಿಗ್ಗುತ್ತವೆ. ಕೆರೆಯ ತೂಬನ್ನು ಏರಿಸಿ ಇಳಿಸಿ ಗದ್ದೆಗೆ ಹದವಾಗಿ ನೀರು ಬಿಡುವ ನೀರಗಂಟಿಯ ಕೆಲಸವಿದು. ಡೆನ್ಮಾರ್ಕಿನ ವೈದ್ಯ ನೀಲ್ಸ್ ಲಾಸೆನ್ 1959ರಲ್ಲಿ ಈ ಸ್ವಯಂನಿಯಂತ್ರಣವನ್ನು ವಿವರಿಸಿದರು. 1979ರಲ್ಲಿ ಅವರೂ ಸಂಗಡಿಗರೂ ಅಸ್ವಸ್ಥ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಈ ವ್ಯವಸ್ಥೆ ಕುಸಿದಿರುವುದು ಕಂಡುಬಂತು.

ದಿನ ತುಂಬದ ಮಗುವಿನಲ್ಲಿ ಈ ನೀರಗಂಟಿ ಇನ್ನೂ ಕೆಲಸ ಕಲಿಯುತ್ತಿರುತ್ತಾನೆ. ಒತ್ತಡ ಏರಿದರೆ ರಕ್ತ ನುಗ್ಗುತ್ತದೆ, ಇಳಿದರೆ ಬತ್ತುತ್ತದೆ. ನುಗ್ಗಿದರೇನು? ಮಿದುಳಿನೊಳಗೆ ದ್ರವ ತುಂಬಿದ ಕುಹರಗಳಿವೆ. ಅವುಗಳ ಅಂಚಿನಲ್ಲಿ ಹೊಸ ಜೀವಕೋಶಗಳು ಹುಟ್ಟುವ ಮೆತ್ತನೆಯ ಪದರವೊಂದಿದ್ದು, ಅದರ ರಕ್ತನಾಳಗಳ ಗೋಡೆ ತೀರ ತೆಳು. ಅವು ಒಡೆದರೆ ಕುಹರದೊಳಗೆ ರಕ್ತಸ್ರಾವವಾಗುತ್ತದೆ. ಸುಮಾರು 34 ವಾರದ ಹೊತ್ತಿಗೆ ಈ ಪದರ ಬಹುಮಟ್ಟಿಗೆ ಕರಗಿಹೋಗುವುದರಿಂದಲೇ ಎಂಟು ತಿಂಗಳ ಮಗುವಿಗೆ ಈ ಭಯ ಕಡಿಮೆ. ರಕ್ತ ಬತ್ತಿದರೆ ಪಕ್ಕದ ಬಿಳಿಯ ಭಾಗಕ್ಕೆ ಪೆಟ್ಟು. ಮುಂದೆ ಕಾಲುಗಳು ಬಿಗಿದುಕೊಂಡು ನಡಿಗೆ ಕಷ್ಟವಾಗಬಹುದು.

ರಕ್ತಸ್ರಾವ ಬಹುಪಾಲು ಮೊದಲ ಮೂರು ದಿನಗಳಲ್ಲೇ ಆಗುತ್ತದೆ. ಎಷ್ಟೋ ಸಲ ಹೊರಗೆ ಯಾವ ಲಕ್ಷಣವೂ ಕಾಣದು. ಆದ್ದರಿಂದಲೇ ವೈದ್ಯರು ಮಗುವಿನ ನೆತ್ತಿಯ ಮೆತ್ತನೆಯ ಜಾಗದ ಮೇಲೆ ಅಲ್ಟ್ರಾಸೌಂಡ್ ಉಪಕರಣವಿಟ್ಟು ನೋಡುತ್ತಾರೆ. ಇದರಿಂದ ನೋವಿಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ರಕ್ತಸ್ರಾವವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುವುದು ವಾಡಿಕೆ. ಒಂದು, ಎರಡನೆಯ ದರ್ಜೆಯಾದರೆ ರಕ್ತ ಸಾಮಾನ್ಯವಾಗಿ ತಾನೇ ಹೀರಿಹೋಗುತ್ತದೆ. ಮೂರು, ನಾಲ್ಕಾದರೆ ತಲೆಯಲ್ಲಿ ನೀರು ತುಂಬುವ, ಅಂಗಾಂಗ ಸ್ವಾಧೀನ ತಪ್ಪುವ ಅಪಾಯ ಹೆಚ್ಚು.

ತಡೆಯುವ ಕೆಲಸ ಹೆರಿಗೆಗೆ ಮೊದಲೇ ಶುರುವಾಗಬೇಕು. ತಿಂಗಳು ತುಂಬುವ ಮೊದಲೇ ನೋವು, ನೀರು ಹೋಗುವುದು, ರಕ್ತ ಕಾಣುವುದು—ಯಾವುದಾದರೂ ಆದರೆ ಬೆಳಗಾಗಲೆಂದು ಕಾಯಬೇಡಿ. ನವಜಾತ ಶಿಶುಗಳ ಘಟಕವಿರುವ ಆಸ್ಪತ್ರೆಗೆ ಹೊರಡಿ. ಹುಟ್ಟಿದ ಮೇಲೆ ಮಗುವನ್ನು ಸಾಗಿಸುವುದಕ್ಕಿಂತ ಗರ್ಭದಲ್ಲಿದ್ದಾಗಲೇ ಸಾಗಿಸುವುದು ಕ್ಷೇಮ. ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬಲಿಯುತ್ತದೆ, ಮಿದುಳಿನ ರಕ್ತಸ್ರಾವವೂ ತಗ್ಗುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ಇದರ ಪ್ರಯೋಜನವನ್ನು ಮೊದಲು ವರದಿ ಮಾಡಿದರು. ನಮ್ಮ ಬೆಳಗಾವಿಯೂ ಪಾಲ್ಗೊಂಡಿದ್ದ, 2020ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ, ಅಗ್ಗದ ಡೆಕ್ಸಾಮೆಥಸೋನ್ ಕೂಡ ಶಿಶುಮರಣ ತಗ್ಗಿಸಿತು. ‘ಸ್ಟೀರಾಯ್ಡ್ ಬೇಡ’ ಎಂದು ಹಟ ಹಿಡಿಯುವ ಬಂಧುಗಳು ಇದನ್ನು ಗಮನಿಸಬೇಕು.

ಮೊದಲ ದಿನಗಳಲ್ಲಿ ‘ಮಗುವನ್ನು ಪದೇ ಪದೇ ಮುಟ್ಟಬೇಡಿ’ ಎಂದು ನರ್ಸ್ ಗದರಿದರೆ ಬೇಸರಿಸಬೇಡಿ. ಜೋರು ಅಳು, ಪದೇ ಪದೇ ಹೊರಳಿಸುವುದು, ದ್ರವವನ್ನು ಸರಸರನೆ ಏರಿಸುವುದು, ಎಲ್ಲವೂ ರಕ್ತದೊತ್ತಡವನ್ನು ಕುಲುಕುತ್ತವೆ. ತಲೆಯನ್ನು ಒಂದೇ ಪಕ್ಕಕ್ಕೆ ತಿರುಗಿಸದೆ ನೇರವಾಗಿ ಇಡುವುದೂ ಇದಕ್ಕೇ. ಆದರೆ ವೈದ್ಯರು ಒಪ್ಪಿದೊಡನೆ ತಾಯಿ ಮಗುವನ್ನು ಎದೆಗವಚಿಕೊಳ್ಳುವ ಕಾಂಗರೂ ಆರೈಕೆ ಬಲು ಒಳ್ಳೆಯದು.

ಮನೆಗೆ ಬಂದ ಮೇಲೆ? ತಲೆ ದುಂಡಗಾಗಲೆಂದು ಒತ್ತುವುದು, ನೀರೆರೆದು ಕಾಲು ಹಿಡಿದು ತಲೆಕೆಳಗಾಗಿ ತೂಗುವುದು ಬೇಡವೇ ಬೇಡ. ಅಜ್ಜಿಯರು ಕ್ಷಮಿಸಬೇಕು! ಕರೆದ ದಿನ ತಪ್ಪದೆ ತಪಾಸಣೆಗೆ ಹೋಗಿ. ತಲೆಯ ಸುತ್ತಳತೆ ಅಳೆಸಿ. ನೆತ್ತಿ ಉಬ್ಬಿದರೆ, ಮಗು ಮಂಕಾದರೆ, ವಾಂತಿ ಹೆಚ್ಚಾದರೆ ಅಂದೇ ತೋರಿಸಿ. ಮಗು ಎರಡು ತಿಂಗಳು ಮೊದಲೇ ಹುಟ್ಟಿದ್ದರೆ, ಕತ್ತು ನಿಲ್ಲುವುದು, ಮಗುಚುವುದು, ಕೂರುವುದು ಇವುಗಳ ಲೆಕ್ಕದಲ್ಲಿ ಆ ಎರಡು ತಿಂಗಳನ್ನು ಕಳೆದು ನೋಡಿ.