ನಿಮಗಿದು ಗೊತ್ತೆ? ಪಿಂಡಕ್ಕೆ ಕಾಗೆ ಬರಲೇಬೇಕು

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಅನೇಕ ಕನ್ನಡ ಕುಟುಂಬಗಳಿಗೂ ಅವರ ಮರಾಠಿ ನೆರೆಹೊರೆಗೂ ಸಾವಿನ ವಿಷಯದಲ್ಲಿ ಒಂದು ನಂಬಿಕೆ ಸಮಾನ. ಹತ್ತನೆಯ ದಿನ ಇಟ್ಟ ಪಿಂಡವನ್ನು ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ.

ಮುಟ್ಟದಿದ್ದರೆ? ಏನೋ ಆಸೆ ಉಳಿದಿದೆ ಎಂದರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಕೈಮುಗಿದು, "ಮಗಳ ಮದುವೆ ನಾವು ಮಾಡುತ್ತೇವೆ, ಅಮ್ಮನನ್ನು ನೋಡಿಕೊಳ್ಳುತ್ತೇವೆ" ಎಂದು ಮಾತು ಕೊಡುತ್ತಾರೆ. ಬದುಕಿದ್ದಾಗ ಬಾಯಿಗೆ ಬಾರದ ಮಾತುಗಳು ಎಷ್ಟೋ ಬಾರಿ ಅಲ್ಲಿ ಹೊರಬರುತ್ತವೆ. ಈ ಆಚರಣೆಯ ದೊಡ್ಡ ಗುಣ ಇದೇ. ಆದರೂ ಕಾಗೆ ಬಾರದಿದ್ದರೆ ದರ್ಭೆಯಲ್ಲೇ ಕಾಗೆ ಮಾಡಿ ಪಿಂಡಕ್ಕೆ ತಾಗಿಸುವುದುಂಟು. ಮಹೇಶ್ ಮಾಂಜ್ರೇಕರ್ ನಿರ್ದೇಶನದ 2012ರ ಮರಾಠಿ ಚಿತ್ರ 'ಕಾಕಸ್ಪರ್ಶ' ಹೆಸರು ಪಡೆದದ್ದು ಈ ನಂಬಿಕೆಯಿಂದಲೇ.

ಮುಂಬಯಿ ಸುತ್ತಮುತ್ತ ದೊಡ್ಡ ಸಂಖ್ಯೆಯಲ್ಲಿರುವ ತುಳು ಮೂಲದವರ ನಾಡಿನಲ್ಲಿ, ಹೋದವರ ಉಳಿದ ಆಸೆ ತೀರಿಸುವ ಇನ್ನೊಂದು ರೂಢಿಯಿದೆ. ಮದುವೆಯಾಗದೆ ತೀರಿಕೊಂಡ ಹುಡುಗ, ಹುಡುಗಿಗೆ ಎರಡೂ ಮನೆಯವರು ಸೇರಿ, ಹೆಚ್ಚಾಗಿ ತುಳುವರ ಆಟಿ ತಿಂಗಳಲ್ಲಿ, ಸೀರೆ, ಕರಿಮಣಿ, ಊಟದ ಸಹಿತ 'ಕುಲೆ ಮದುವೆ', ಅಂದರೆ ಪ್ರೇತಗಳ ಮದುವೆ, ಮಾಡಿಸುತ್ತಾರೆ.

ದೂರದ ಐರ್ಲೆಂಡಿನಲ್ಲೂ ಕಾಗೆಗೂ ಸಾವಿಗೂ ನಂಟು. ಅಲ್ಲಿನ ಪುರಾಣದಲ್ಲಿ ಯುದ್ಧದೇವತೆ ಕಾಗೆಯ ರೂಪ ತಾಳುತ್ತಾಳೆ. ಅದೇ ಪುರಾಣದ ವೀರ ಕೂಹುಲಿನ್ ಕಲ್ಲುಕಂಬಕ್ಕೆ ತನ್ನನ್ನು ಕಟ್ಟಿಕೊಂಡು ನಿಂತೇ ಸತ್ತ. ಹೆಗಲ ಮೇಲೆ ಕಾಗೆ ಬಂದು ಕುಳಿತ ಬಳಿಕವೇ ಶತ್ರುಗಳಿಗೆ ಅವನ ಸಾವು ಖಚಿತವಾಯಿತು. ಆ ದೃಶ್ಯದ ಕಂಚಿನ ಪ್ರತಿಮೆ ಡಬ್ಲಿನ್‌ನ ಪ್ರಧಾನ ಅಂಚೆ ಕಚೇರಿಯಲ್ಲಿದೆ. ಸಾವಾದ ಮನೆಯಲ್ಲಿ ಗಡಿಯಾರ ನಿಲ್ಲಿಸಿ, ಕನ್ನಡಿಗೆ ಬಟ್ಟೆ ಹೊದಿಸಿ, ಆತ್ಮ ಹೊರಹೋಗಲೆಂದು ಕಿಟಕಿ ತೆರೆದಿಡುವುದೂ ಐರಿಷರ ಹಳೆಯ ಪದ್ಧತಿ.